ಟಿಫಿನ್ ಚೀಲದಲ್ಲಿ ಫೋನು

ಎರಡು ಸಾಲು ಬರೆಯೋಣವೆಂದು ಕೂತರೆ ಮತ್ತೆ ಫೋನು. ಈ ಜನಕ್ಕೆ ಬೇರೆ ಕೆಲಸವೇ ಇಲ್ಲವೇನೋ! ಇಂಥ ಹೊತ್ತಿನಲ್ಲಿ ಬಾಷಾ ಚಾಚಾ ನೆನಪಾಗುತ್ತಾರೆ. ನಾನು ಕಂಪನಿಯ ಡೆಲಿವರಿ ವ್ಯಾನ್ ಓಡಿಸಲು ಸೇರಿದ ಹೊಸದರಲ್ಲಿ ಪಕ್ಕದಲ್ಲಿ ಕೂತು ಕಲಿಸಿದವರು, ಶಿವಾಜಿನಗರದ ಹಳೇ ಡ್ರೈವರ್. ವ್ಯಾನ್ ಹತ್ತಿದ ಕೂಡಲೇ ನನ್ನ ಫೋನ್ ಕಿತ್ತುಕೊಂಡು ತಮ್ಮ ಟಿಫಿನ್ ಚೀಲಕ್ಕೆ ಹಾಕುತ್ತಿದ್ದರು. ವಾಪಸ್ ಬರುವಾಗ ಅದಕ್ಕೆ ಖೀಮಾದ ಘಮ.

ಒಂದು ದಿನ ಹಲಸೂರಿನ ಟ್ರಾಫಿಕ್ಕಿನಲ್ಲಿ ಚೀಲದೊಳಗಿಂದ ಫೋನು ಬಿಡದೆ ಹೊಡೆದುಕೊಂಡಿತು.

"ಮಗಳದ್ದೇ ಇರ್ಬೇಕು ಚಾಚಾ, ಕೊಡಿ."

"ಗಾಡಿ ನಿಲ್ಸು ಬೇಟಿ, ಕೊಡ್ತೀನಿ."

"ಎಲ್ಲಿ ನಿಲ್ಸಲಿ? ನಿಮ್ಮ ತಲೆ ಮೇಲಾ?"

"ಹಂಗಾದ್ರೆ ಮುಂದೆ ನೋಡು."

ಇಂದಿರಾನಗರದ ಒಳರಸ್ತೆಯಲ್ಲಿ ಜಾಗ ಸಿಕ್ಕಾಗ ನಿಲ್ಲಿಸಿ ಮನೆಗೆ ಫೋನ್ ಮಾಡಿದೆ. ಕೆ.ಆರ್. ಪುರದಲ್ಲಿ ಅಜ್ಜಿ ಜೊತೆ ಇದ್ದ ಮಗಳ ಮೊದಲ ಹಲ್ಲು ಬಿದ್ದಿತ್ತು. ನನಗೇ ಮೊದಲು ಹೇಳಬೇಕೆಂದು ಕಾದು, ಅತ್ತು, ಮಲಗಿಬಿಟ್ಟಿದ್ದಳೆಂದು ಅಜ್ಜಿಯೇ ಹೇಳಿದರು. ನಾನು ಚಾಚಾನ ಮೇಲೆ ಉರಿದುಬಿದ್ದೆ.

"ಹಲ್ಲು ಇನ್ನೊಂದು ಬರುತ್ತೆ ಬೇಟಿ," ಎಂದು ಅವರು ಫೋನನ್ನು ಮತ್ತೆ ಚೀಲಕ್ಕೆ ಹಾಕಿದರು.

ಚಾಚಾ ಈಗ ಕೆಲಸ ಬಿಟ್ಟಿದ್ದಾರೆ. ನಾನೇ ಹೊಸಬರ ಫೋನ್ ಕಿತ್ತುಕೊಳ್ಳುತ್ತೇನೆ. ಮೊನ್ನೆ ಈ ಕಥೆ ಹೇಳಿದರೆ ಮಗಳು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ಅವತ್ತು ಅಜ್ಜಿಗೆ ಏನಾದ್ರೂ ಆಗಿ ನಾನು ಫೋನ್ ಮಾಡಿದ್ರೂ ನೀನು ಎತ್ತುತ್ತಿರ್ಲಿಲ್ವಾ ಅಮ್ಮಾ?"