ಒಂದು ವಾಷರಿಗಾಗಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದ ಕಡೆ ಗ್ರಾಮಸೇವಕನಾಗಿದ್ದೆ. ನನ್ನ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಕುಡಿಯುವ ನೀರಿನ ಕೈಪಂಪು ಕೆಟ್ಟಿತು. ಒಳಗಿನ ತೊಗಲಿನ ವಾಷರ್ ಸವೆದಿತ್ತು, ಅಷ್ಟೇ.

ತರೀಕೆರೆಯ ನಮ್ಮ ತಾಲ್ಲೂಕು ಕಚೇರಿಗೆ ಹೋದರೆ, ರಿಪೇರಿ ಸಾಮಾನೆಲ್ಲ ಕಡೂರಿನಲ್ಲಿದೆ ಎಂದರು. ಬಸ್ಸು ಹತ್ತಿ ಕಡೂರಿಗೆ ಹೋದೆ. ಅಲ್ಲಿನ ಎಂಜಿನಿಯರು ತಲೆ ಎತ್ತಲಿಲ್ಲ.

"ಅಜ್ಜಂಪುರ ತರೀಕೆರೆ ತಾಲ್ಲೂಕು ಕಣ್ರೀ. ನಮಗೇನ್ ಸಂಬಂಧ?"

ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ವಾಷರುಗಳ ಗೊಂಚಲೇ ನೇತಾಡುತ್ತಿತ್ತು.

"ಒಂದು ಕೊಡಿ ಸಾರ್, ನಾನೇ ಹಾಕಿಸ್ತೀನಿ."

"ನಿಮ್ಮ ಆಫೀಸಿನ ಇಂಡೆಂಟ್ ಚೀಟಿ ಇಲ್ದೆ ಕೊಟ್ರೆ ನನ್ ಕೆಲಸ ಹೋಗ್ತದೆ."

ಅವರೇನೂ ಕೆಟ್ಟವರಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಹಳ್ಳಿಗೆ ಬಂದಾಗ ಪಂಪಿನ ಎದುರು ಮನೆಯ ವಿಧವೆ ದೂರದ ತೋಟದ ಬಾವಿಯಿಂದ ನೀರು ಹೊತ್ತು ತರುತ್ತಿದ್ದಳು. ಮನೆಯಲ್ಲಿ ಬಾಣಂತಿ ಮಗಳಿದ್ದಳು.

"ಏನಂತಪ್ಪಾ ಸರ್ಕಾರ?"

"ಬತ್ತಾರಂತೆ ಕಣಮ್ಮ."

"ಇನ್ಯಾರ್ ಬತ್ತಾರೆ? ನಮ್ಮೂರಿಗೆ ಬರೋನು ನೀನೊಬ್ನೇ. ನೀನೇ ಅಲ್ವೇನಪ್ಪಾ ಸರ್ಕಾರ?"

ತೊಗಲಿನ ವಾಷರ್ ಒಂದು ಸಿಗಲಿಲ್ಲ ಕಣಮ್ಮ ಎಂದೆ. ನನ್ನ ಮುಖ ನೋಡಿದವಳು ಕೊಡ ಇಳಿಸಿ, ಹಿಂದೆ ಎತ್ತು ಕಟ್ಟಿ ಬಾವಿಯ ನೀರೆತ್ತುತ್ತಿದ್ದ ಕಪಿಲೆಯ ಹಳೆಯ ತೊಗಲನ್ನು ಅಟ್ಟದಿಂದ ತೆಗೆದುಕೊಟ್ಟಳು. ಅದನ್ನು ದುಂಡಗೆ ಕತ್ತರಿಸಿ ಹರಳೆಣ್ಣೆಯಲ್ಲಿ ನೆನೆಹಾಕಿದೆ. ಮರುದಿನ ಊರಿನವರು ಎಲ್ಲಿಂದಲೋ ಸ್ಪ್ಯಾನರ್ ತಂದರು. ಎಲ್ಲರೂ ಸೇರಿ ಪಂಪಿನ ಸಲಾಕಿಗಳನ್ನು ಮೇಲೆಳೆದು ಆ ತೊಗಲನ್ನು ಕೂರಿಸಿದೆವು. ಸಂಜೆಯ ಹೊತ್ತಿಗೆ ನೀರು ಬಂತು. ಆಕೆ ಮೊದಲ ಕೊಡವನ್ನು ತುಂಬಿಕೊಂಡು ಒಳಗೆ ಹೋದಳು.

ತಿಂಗಳು ಕಳೆಯುವುದರೊಳಗೆ ಮೆಮೊ ಬಂತು: ಅನುಮತಿಯಿಲ್ಲದೆ ಸರ್ಕಾರಿ ಸ್ವತ್ತನ್ನು ಬಿಚ್ಚಿದ್ದೇಕೆ? ತರೀಕೆರೆಯ ಸಾಹೇಬರು ಕರೆಸಿ, ಮೆಲ್ಲಗೆ ಹೇಳಿದರು, "ನೀನ್ ಮಾಡಿದ್ದು ಸರೀನೇ ಕಣೋ. ಆದ್ರೂ ತಪ್ಪಾಯ್ತು ಅಂತ ಬರ್ದುಕೊಡು, ಮುಗಿಸ್ಬಿಡಾಣ."

"ಸರಿ ಅಂದ್ಮೇಲೆ ತಪ್ಪಾಯ್ತು ಅಂತ ಹೆಂಗ್ ಬರೀಲಿ ಸಾರ್?"

ಅವರು ಕಾಗದವನ್ನು ನನ್ನ ಕಡೆ ತಳ್ಳಿದರು. ನೀರು ಬರುತ್ತಿದೆ ಎಂದಷ್ಟೇ ಬರೆದು ಸಹಿ ಹಾಕಿದೆ. ನನ್ನನ್ನು ಕಡೂರು ತಾಲ್ಲೂಕಿನ ಚೌಳಹಿರಿಯೂರಿಗೆ ವರ್ಗ ಮಾಡಿದರು.

ಹೇಳಿಹೋಗಲು ಹಳ್ಳಿಗೆ ಬಂದ ದಿನವೇ ಇಲಾಖೆಯ ಜೀಪೂ ಬಂದಿತ್ತು. ಚೆನ್ನಾಗಿ ಓಡುತ್ತಿದ್ದ ಪಂಪನ್ನು ಬಿಚ್ಚಿ, ನಮ್ಮ ತೊಗಲನ್ನು ಬೇಲಿಗೆಸೆದು, ಹೊಸ ವಾಷರ್ ಹಾಕುತ್ತಿದ್ದರು. ಬೇಡವೆನ್ನಲು ನನಗೀಗ ಅಧಿಕಾರವಿರಲಿಲ್ಲ. ಕೆಲಸ ಮುಗಿಯುವವರೆಗೂ ಹೆಂಗಸರು ಖಾಲಿ ಕೊಡ ಹಿಡಿದು ಬಿಸಿಲಲ್ಲಿ ನಿಂತಿದ್ದರು.