ಮಗಳ ತಲೆನೋವು ಬಲ್ಲವರು

ಕಳೆದ ವಾರ ಪುತ್ತೂರಿನಲ್ಲಿ ಸುಳ್ಯದ ಬಸ್ಸು ಹತ್ತಿದಾಗ ನನ್ನ ಪಕ್ಕ ಬಂದು ಕೂತ ಹೆಂಗಸಿನ ಹಣೆಯಲ್ಲಿ ಶುಂಠಿಯ ಲೇಪವಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರೂ ಕಿಟಕಿಯ ಗಾಳಿಗೆ ಅದರ ಘಾಟು ನೇರ ನನ್ನ ಮೂಗಿಗೆ ಬಂತು. ಕೂಡಲೇ ಹೊಟ್ಟೆಯೊಳಗೆ ಹಳೆಯ ಉರಿಯೊಂದು ಎದ್ದಿತು. ಹದಿನಾಲ್ಕು ವರ್ಷ ಕಳೆದರೂ ಆರದ ಉರಿ... ಅದಕ್ಕೆ ಬೇರೆ ಹೆಸರು ಕೊಟ್ಟು ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಆದರೆ ಅದು ಹೊಟ್ಟೆಕಿಚ್ಚೇ.

ಆಗ ನಾನು ಕಡಬದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಟೀಚರ್. ಕಡಬ ಇನ್ನೂ ತಾಲೂಕು ಆಗಿರಲಿಲ್ಲ. ಗಂಡನಿಗೆ ಮಂಗಳೂರಿನಲ್ಲಿ ಕೆಲಸ; ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಪೇಟೆಯ ಹಿಂಬದಿಯಲ್ಲಿ ಒಂದೇ ಮಾಡಿನಡಿ ಸಾಲಾಗಿ ನಾಲ್ಕು ಬಾಡಿಗೆ ಮನೆಗಳಿದ್ದವು. ಮೂರನೆಯದರಲ್ಲಿ ನಾನು ಮತ್ತು ಐದನೇ ಕ್ಲಾಸಿನ ಮಗಳು. ನಾಲ್ಕನೆಯದರಲ್ಲಿ ಅವರು. ಐವತ್ತರ ಆಸುಪಾಸು, ಮದುವೆ ಆಗಿರಲಿಲ್ಲ, ಒಬ್ಬರೇ ಇದ್ದರು. ರವಿಕೆ, ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದರು. ನಮ್ಮಿಬ್ಬರ ನಡುವೆ ಒಂದು ಗೋಡೆ ಅಷ್ಟೆ. ಅವರ ಮೆಷಿನ್ ಓಡಿದರೂ ನಿಂತರೂ ನಮಗೆ ತಿಳಿಯುತ್ತಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಮಗಳು ಮಾಮಿ ಎನ್ನುತ್ತಿದ್ದಳು.

ಮಗಳ ಶಾಲೆ ನಾಲ್ಕಕ್ಕೆ ಬಿಡುತ್ತಿತ್ತು. ನಾನು ಮನೆ ಮುಟ್ಟುವಾಗ ಐದೂವರೆ. ಆ ಒಂದೂವರೆ ಗಂಟೆ ಅವಳು ಅವರ ಮನೆಯಲ್ಲಿರುವುದೆಂದು ನಾನೇ ಕೇಳಿಕೊಂಡು ಮಾಡಿದ ಏರ್ಪಾಡು. ಕೇಳುವಾಗ ನನಗೆ ಅದು ಉಪಕಾರವಾಗಿ ಕಂಡಿತ್ತು. ಆಮೇಲೆ ಏನಾಯಿತೆಂದರೆ, ನಾನು ಅಂಗಳಕ್ಕೆ ಕಾಲಿಡುವಾಗ ಒಳಗಿನಿಂದ ಮಗಳ ನಗು ಕೇಳುತ್ತಿತ್ತು. ಚಪ್ಪಲಿ ಬಿಚ್ಚಿ ನಾನು ಕರೆದ ಕೂಡಲೇ ಆ ನಗು ನಿಲ್ಲುತ್ತಿತ್ತು.

ಆ ವರ್ಷವೇ ಅವಳಿಗೆ ತಲೆನೋವು ಶುರುವಾದದ್ದು. ವಾರಕ್ಕೆ ಎರಡು ದಿನ, ಕೆಲವೊಮ್ಮೆ ಮೂರು. ಕಣ್ಣು ಪರೀಕ್ಷೆ ಮಾಡಿಸಿದೆ, ಏನೂ ತೊಂದರೆ ಇರಲಿಲ್ಲ. ನನಗೆ ಪೇಪರ್ ತಿದ್ದುವುದು, ಅಡುಗೆ, ಬಟ್ಟೆ... ನೋವು ಎಂದಾಗ ಒಂದು ಮಾತ್ರೆ ನುಂಗಿಸಿ ಮಲಗಿಸುತ್ತಿದ್ದೆ. ಗೋಡೆಯ ಆಚೆ ಹಾಗಿರಲಿಲ್ಲ. ಅವರಿಗೆ ಹೊಲಿಗೆಯಿಂದಾಗಿ ಸಣ್ಣ ಪ್ರಾಯದಿಂದಲೇ ತಲೆನೋವು ಇತ್ತಂತೆ; ಅದರ ಜೊತೆ ಬದುಕುವುದನ್ನು ಕಲಿತಿದ್ದರು. ಮೆಷಿನಿನ ಪಕ್ಕ ಯಾವಾಗಲೂ ಒಂದು ಚೆಂಬು ನೀರು. ಸ್ವಲ್ಪ ಹೊತ್ತು ಹೊಲಿದರೆ ಎದ್ದು ಬಾಗಿಲಲ್ಲಿ ನಿಂತು ದೂರದ ತೆಂಗಿನ ತಲೆ ನೋಡಿ ಬರುವುದು. ಎಷ್ಟೇ ಕೆಲಸವಿದ್ದರೂ ಒಂದು ಗಂಟೆಗೆ ಗಂಜಿ. ಮಗಳು ಶಾಲೆಯಿಂದ ಬಂದ ಕೂಡಲೇ ಅವಳಿಗೂ ಒಂದು ಬಟ್ಟಲು ಗಂಜಿ, ಉಪ್ಪಿನಕಾಯಿ. ನೋವಿದ್ದ ದಿನ ಒದ್ದೆ ಬಟ್ಟೆ ಹಣೆಯ ಮೇಲೆ ಹಾಕಿ ಕಿಟಕಿ ಮುಚ್ಚಿ ಮಲಗಿಸುವುದು, ಗಂಧದ ಕಲ್ಲಿನಲ್ಲಿ ಒಣ ಶುಂಠಿ ತೇಯ್ದು ತೆಳ್ಳಗೆ ಹಚ್ಚುವುದು, ಬಿಸಿ ಹತ್ತುವ ಮೊದಲೇ ಒರೆಸುವುದು, ಮೆಲ್ಲ ತಲೆ ಒತ್ತುವುದು. ಇದನ್ನೆಲ್ಲ ನಾನು ಕಂಡು ತಿಳಿದದ್ದಲ್ಲ. ಮಗಳು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು.

ಒಂದು ಸಂಜೆ ಅವರು ಅಂಗಳದಲ್ಲಿ ನನ್ನನ್ನು ನಿಲ್ಲಿಸಿದರು.

“ಟೀಚರೇ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಇವಳ ಜಡೆ ಸ್ವಲ್ಪ ಸಡಿಲ ಕಟ್ಟಿದ್ರೆ ಒಳ್ಳೇದಿತ್ತು. ಬಿಚ್ಚುವಾಗ ಬುಡ ಎಲ್ಲ ಕೆಂಪು ಆಗಿರ್ತದೆ.”

ನಾನು ನಕ್ಕು “ಆಯ್ತಕ್ಕ” ಎಂದೆ. ಒಳಗೆ ಬಂದು ಬಾಗಿಲು ಹಾಕಿ ನಿಂತುಬಿಟ್ಟೆ. ಬೆಳಗ್ಗೆ ಗಡಿಬಿಡಿಯಲ್ಲೂ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಕಳುಹಿಸುವುದೊಂದೇ ನಾನು ಮಗಳಿಗೆ ಕೈಯಾರೆ ಮಾಡುತ್ತಿದ್ದ ಕೆಲಸ. ಅದೂ ತಪ್ಪು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ... ದಿನಾ ಸಂಜೆ ನಾನು ಹಾಕಿದ ಜಡೆಯನ್ನು ಅವರು ಬಿಚ್ಚುತ್ತಿದ್ದರು. ನಾನು ಬರುವ ಮೊದಲು ಪುನಃ ಹೆಣೆದು ಕೂರಿಸುತ್ತಿದ್ದರು. ನನಗೆ ಗೊತ್ತೇ ಆಗಿರಲಿಲ್ಲ.

ಆ ಆದಿತ್ಯವಾರ ನಾನೂ ಶುಂಠಿ ತಂದು ತೇಯ್ದೆ. ಹೆಚ್ಚು ಹಚ್ಚಿದರೆ ಹೆಚ್ಚು ಗುಣ ಎಂದುಕೊಂಡಿದ್ದೆನೋ ಏನೋ, ದಪ್ಪಗೆ ಮೆತ್ತಿದೆ. ಮಗಳು ಉರಿ ಉರಿ ಎಂದು ಕುಣಿದಳು. ಮುಖ ತೊಳೆಯುತ್ತಾ ಅಳುತ್ತಾ ಹೇಳಿದಳು, “ಮಾಮಿ ಹಚ್ಚಿದ್ರೆ ಹೀಗೆ ಉರಿಯುದಿಲ್ಲ. ನಾನು ಅಲ್ಲಿಗೇ ಹೋಗ್ತೇನೆ.” ಹೋದಳು ಕೂಡ. ಗಂಡ ಪೇಪರ್ ಓದುತ್ತಾ “ಹೋಗ್ಲಿ ಬಿಡು ಮಾರಾಯ್ತಿ, ಮಗುವಿಗೆ ಆರಾಮ ಆದ್ರೆ ಸಾಕಲ್ಲ” ಎಂದರು. ನನಗೆ ಅದು ಸಾಕಿರಲಿಲ್ಲ. ಆರಾಮ ನನ್ನ ಕೈಯಿಂದ ಆಗಬೇಕಿತ್ತು.

ಮರುವಾರವೇ ಮಗಳನ್ನು ಟ್ಯೂಷನ್ನಿಗೆ ಹಾಕಿದೆ, ನಾಲ್ಕೂಕಾಲಿನಿಂದ ಐದೂವರೆ. ಅದನ್ನು ಹೇಳಲು ಅವರ ಬಾಗಿಲಿಗೆ ಹೋದಾಗ ಅವರು ಹಲ್ಲಿನಲ್ಲಿ ನೂಲು ಕಡಿಯುತ್ತಿದ್ದರು. ಟ್ಯೂಷನ್ ಎಂದರೆ ಸಾಲುತ್ತಿತ್ತು. ಆದರೆ ನನ್ನ ಬಾಯಿ ಅಲ್ಲಿಗೆ ನಿಲ್ಲಲಿಲ್ಲ.

“ಮತ್ತೆ ಅಕ್ಕ, ನಿನ್ನೆ ಪುತ್ತೂರಿಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಲೇಪ, ಮನೆಮದ್ದು ಎಂತದ್ದೂ ಮಾಡ್ಬೇಡಿ ಅಂದಿದ್ದಾರೆ.”

ನಾನು ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಮುಖ ನೋಡಿದರು. “ಹೌದಾ... ಡಾಕ್ಟ್ರು ಹೇಳಿದ್ರೆ ಹಾಗೇ ಮಾಡಿ ಟೀಚರೇ” ಎಂದರು. ಆಮೇಲೆ ಮಗಳು ಅವರ ಮನೆಗೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಸೋಜಿಗವೆಂದರೆ ತಲೆನೋವು ನಿಂತಿತು. ಒಂದು ತಿಂಗಳು ಮಗಳ ಬಾಯಲ್ಲಿ ಆ ಮಾತೇ ಇಲ್ಲ. ನಾನು ಗೆದ್ದವಳಂತೆ ತಿರುಗಾಡಿದೆ. ಅಂಗಳದಲ್ಲಿ ಬಟ್ಟೆ ಒಣಗಿಸುವಾಗ ಅವರಿಗೆ ಕೇಳಲಿ ಎಂದೇ ಪಕ್ಕದವರೊಡನೆ “ಈಗ ತಲೆನೋವೇ ಇಲ್ಲ, ಅಷ್ಟು ಆರಾಮ” ಎಂದು ಗಟ್ಟಿಯಾಗಿ ಹೇಳಿದ್ದೂ ಉಂಟು.

ಒಂದು ದಿನ ಮಧ್ಯಾಹ್ನ ಮಗಳ ಶಾಲೆಯಿಂದ ಫೋನ್ ಬಂತು. ಕ್ಲಾಸಿನಲ್ಲಿ ವಾಂತಿ ಮಾಡಿದ್ದಾಳೆ, ತಲೆ ಎತ್ತಲು ಆಗುತ್ತಿಲ್ಲ. ಓಡಿದೆ. ಬೆಂಚಿನ ಮೇಲೆ ಮಲಗಿದ್ದವಳ ಚೀಲಕ್ಕೆ ಪುಸ್ತಕ ತುಂಬುವಾಗ ಕಂಪಾಸ್ ಬಾಕ್ಸ್ ಕೆಳಗೆ ಬಿದ್ದು ತೆರೆದುಕೊಂಡಿತು. ಒಳಗೆ ಕಾಗದದಲ್ಲಿ ಸುತ್ತಿದ ಮೂರು ಮಾತ್ರೆ. ನಮ್ಮ ಮನೆಯ ಕಪಾಟಿನದ್ದು. ನೋವು ನಿಂತೇ ಇರಲಿಲ್ಲ. ನನಗೆ ಹೇಳದೆ ಅವಳೇ ತೆಗೆದು ನುಂಗುತ್ತಿದ್ದಳು, ಹೆಚ್ಚುಕಡಿಮೆ ದಿನಾ.

“ನನ್ಹತ್ರ ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ನಿನಗೆ ಸಿಟ್ಟು ಬರ್ತದಲ್ಲ ಅಮ್ಮ.”

ಆ ಸಂಜೆ ನಿಜವಾಗಿಯೂ ಪುತ್ತೂರಿನ ಡಾಕ್ಟರ ಎದುರು ಕೂತೆ. ಮಾತ್ರೆ ಹೀಗೆ ನುಂಗುತ್ತಾ ಹೋದರೆ ಅದರಿಂದಲೇ ತಲೆನೋವು ಬರಬಹುದು ಎಂದು ನನ್ನನ್ನು ಗದರಿಸಿದರು. ಆಮೇಲೆ ಕೇಳಲು ಶುರು ಮಾಡಿದರು. ನೋವು ಯಾವ ದಿನ ಬರುವುದು? ಎಷ್ಟು ಹೊತ್ತಿಗೆ? ಬೆಳಗ್ಗೆ ಏನು ತಿನ್ನುತ್ತಾಳೆ? ನೀರು ಎಷ್ಟು ಕುಡಿಯುತ್ತಾಳೆ? ನಾನು ಒಂದಕ್ಕೂ ಸರಿಯಾಗಿ ಉತ್ತರ ಹೇಳಲಿಲ್ಲ. ಮಗಳು ನನ್ನ ಕಡೆ ನೋಡಲು ಹೆದರಿ ನೆಲ ನೋಡುತ್ತಾ ಮೆಲ್ಲ ಹೇಳಿದಳು, “ಮಾಮಿಗೆ ಎಲ್ಲ ಗೊತ್ತುಂಟು.”

“ಹಾಗಾದ್ರೆ ಮಾಮಿಯನ್ನೇ ಕೇಳಿಕೊಂಡು ಬನ್ನಿ” ಎಂದರು ಡಾಕ್ಟರು. ಅವರಿಗೆ ಅದು ಸಾದಾ ಮಾತು.

ಮರುದಿನ ಬೆಳಗ್ಗೆ ಹೋಗಿ ಬಾಗಿಲಲ್ಲಿ ನಿಂತೆ. ಆ ಹತ್ತು ಹೆಜ್ಜೆಯಷ್ಟು ಉದ್ದದ ದಾರಿ ನಾನು ಬೇರೆ ನಡೆದಿಲ್ಲ. ಅವರು ಯಾಕೆ ಬಂದಿರಿ ಎಂದು ಕೇಳಲಿಲ್ಲ. ಸ್ಟೂಲು ಎಳೆದುಕೊಟ್ಟರು. ನಾನು ಕೇಳಿದಂತೆ ಒಂದೊಂದೇ ಹೇಳಿದರು.

“ಸೋಮವಾರ ಮತ್ತೆ ಗುರುವಾರ ಬರುದು. ಆ ಎರಡು ದಿನ ಅವಳ ಕ್ಲಾಸಿಗೆ ಹನ್ನೊಂದು ಗಂಟೆ ಬಿಸಿಲಿಗೆ ಆಟ ಉಂಟು. ಬೆಳಗ್ಗೆ ನಿಮ್ಮ ಗಡಿಬಿಡಿ ನೋಡಿ ಅವಳು ದೋಸೆ ಅರ್ಧ ತಿಂದು ಉಳಿದದ್ದನ್ನು ಕಾಗೆಗೆ ಹಾಕ್ತಾಳೆ. ಶಾಲೆಯ ಲ್ಯಾಟ್ರಿನಿಗೆ ಚಿಲಕ ಇಲ್ಲ ಅಂತ ನೀರೇ ಕುಡಿಯುದಿಲ್ಲ ಟೀಚರೇ, ಬಾಟ್ಲಿ ತುಂಬಿದ್ದು ಹಾಗೇ ವಾಪಸು ಬರ್ತದೆ.”

ನಾನು ಬರೆದುಕೊಂಡೆ. ಬರೆಯುತ್ತಿದ್ದ ಕೈಯಲ್ಲೂ ಹೊಟ್ಟೆಕಿಚ್ಚಿತ್ತು. ಹೆತ್ತವಳು ನಾನು, ಒಂದೇ ಹಾಸಿಗೆಯಲ್ಲಿ ಮಲಗುವವಳು ನಾನು. ಚಿಲಕದ ವಿಷಯ ಅವರಿಗೆ ಗೊತ್ತಿತ್ತು, ನನಗಿಲ್ಲ.

ಏಳುವಾಗ ಅವರು, “ನೀವೇ ತಲೆ ಒತ್ತಿ ಅವಳಿಗೆ. ಹೇಗೆ ಅಂತ ತೋರಿಸ್ತೇನೆ ಬನ್ನಿ” ಎಂದರು. ನನ್ನ ಎರಡು ಕೈ ಹಿಡಿದು ಬೆರಳುಗಳನ್ನು ತಮ್ಮ ಹಣೆಯ ಎರಡು ಪಕ್ಕ, ಕಣ್ಣಿನ ಬದಿಗೆ ಇಟ್ಟುಕೊಂಡರು. “ಇಷ್ಟೇ. ಜೋರು ಬೇಡ, ಸುತ್ತ ತಿರುಗಿಸಿ.” ನಾನು ತಿರುಗಿಸಿದೆ. ಚರ್ಮದ ಕೆಳಗೆ ನರ ಹೊಡೆದುಕೊಳ್ಳುತ್ತಿತ್ತು.

“ಅಕ್ಕ, ನಿಮಗೆ ಈಗ ತಲೆನೋವು ಉಂಟಾ?”

“ನಿನ್ನೆಯಿಂದ” ಎಂದರು ಕಣ್ಣು ಮುಚ್ಚಿಕೊಂಡೇ. “ಸ್ವಲ್ಪ ಹೊತ್ತು ಹಾಗೇ ಇರ್ಲಿ ಟೀಚರೇ. ನಂಗೆ ಯಾರೂ ಒತ್ತಿದ್ದಿಲ್ಲ.”

ಶಾಲೆಗೆ ತಡವಾಗುತ್ತಿತ್ತು. ಆದರೂ ಕೈ ತೆಗೆಯಲಿಲ್ಲ. ಡಾಕ್ಟರ ಬಗ್ಗೆ ಹೇಳಿದ ಸುಳ್ಳನ್ನು ಆಗಲೇ ಹೇಳಿಬಿಡಬೇಕೆಂದು ನಾಲಿಗೆಯ ತುದಿಯವರೆಗೆ ಬಂತು... ಹೇಳಲಿಲ್ಲ.

ಟ್ಯೂಷನ್ ಬಿಡಿಸಿದೆ. ಬೆಳಗ್ಗೆ ಅರ್ಧ ಗಂಟೆ ಬೇಗ ಎದ್ದು ಮಗಳ ಎದುರು ಕೂತು ತಿಂಡಿ ತಿನ್ನಿಸಿದೆ. ಅವಳ ಶಾಲೆಗೆ ಹೋಗಿ ಹೆಡ್‌ಮಾಸ್ಟರರೊಡನೆ ಮಾತಾಡಿ ಚಿಲಕ ಹಾಕಿಸಿದೆ. ಜಡೆ ಸಡಿಲವಾಯಿತು. ನೋವು ವಾರದಿಂದ ತಿಂಗಳಿಗೆ, ತಿಂಗಳಿಂದ ಯಾವಾಗಲೋ ಒಮ್ಮೆಗೆ ಇಳಿಯಿತು. ಬಂದ ದಿನ ನಾನೇ ಒತ್ತುತ್ತಿದ್ದೆ. ಮಗಳು ಕಣ್ಣು ಮುಚ್ಚಿ, “ಸರಿ ಮಾಮಿಯ ಹಾಗೇ ಒತ್ತುತ್ತಿ” ಎನ್ನುತ್ತಿದ್ದಳು. ಅವಳು ಹೊಗಳಿದ್ದು. ನನಗೆ ಅದನ್ನು ನುಂಗಲು ವರ್ಷಗಳು ಬೇಕಾದವು.

ಎರಡು ವರ್ಷ ಕಳೆದು ನನಗೆ ಪುತ್ತೂರಿಗೆ ವರ್ಗವಾಯಿತು. ಮೊದಮೊದಲು ಫೋನ್ ಮಾಡುತ್ತಿದ್ದೆವು. ಮಗಳು ಪಿಯುಸಿಯಲ್ಲಿದ್ದಾಗ ಅವರು ತೀರಿಹೋದ ಸುದ್ದಿ ಬಂತು, ಅದೂ ತಿಂಗಳ ಮೇಲೆ, ಕಡಬದಿಂದ ಮದುವೆ ಕಾಗದ ಕೊಡಲು ಬಂದವರ ಬಾಯಲ್ಲಿ. ಮಗಳು ಎರಡು ದಿನ ಸರಿ ಊಟ ಮಾಡಲಿಲ್ಲ. ನಾನು ಸತ್ತರೂ ಹೀಗೆ ಅಳುತ್ತಾಳೋ ಎಂದು ಯೋಚಿಸಿದೆ. ಅಂಥ ಹೊತ್ತಿನಲ್ಲೂ ನನಗೆ ಬಂದದ್ದು ಆ ಯೋಚನೆ.

ಮಗಳು ಈಗ ಸುಳ್ಯದಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಳೆದ ವಾರ ನಾನು ಹೊರಟಿದ್ದು ಅವಳ ರೂಮಿಗೇ. ಊಟ ಮಾಡಿ ಕೂತಾಗ, ಇಷ್ಟು ವರ್ಷ ಯಾರಿಗೂ ಹೇಳದ ಆ ಸುಳ್ಳನ್ನು ಅವಳಿಗೆ ಹೇಳಿದೆ. ಅವಳು ಬೆಚ್ಚಿ ಬೀಳಲಿಲ್ಲ.

“ಮಾಮಿಗೆ ಗೊತ್ತಿತ್ತಮ್ಮ. ಮರುದಿನವೇ ನಳ್ಳಿ ನೀರು ಹಿಡಿಯುವಲ್ಲಿ ನನ್ನನ್ನು ಕೇಳಿದ್ರು, ಡಾಕ್ಟ್ರ ಹತ್ರ ಹೋಗಿದ್ರಾ ಅಂತ. ಇಲ್ಲ ಅಂದೆ. ನಾನು ಕೇಳಿದ್ದು ಅಮ್ಮನಿಗೆ ಹೇಳ್ಬೇಡ ಆಯ್ತಾ ಅಂದ್ರು.”

ಗೊತ್ತಿದ್ದೂ ಸ್ಟೂಲು ಎಳೆದುಕೊಟ್ಟಿದ್ದರು. ಗೊತ್ತಿದ್ದೂ ನನ್ನ ಬೆರಳುಗಳನ್ನು ತಮ್ಮ ಹಣೆಗೆ ಇಟ್ಟುಕೊಂಡಿದ್ದರು. ತಪ್ಪಾಯಿತು ಅಕ್ಕ ಎನ್ನಲು ಈಗ ಅವರಿಲ್ಲ, ಆ ನಾಲ್ಕು ಮನೆಗಳೂ ಇಲ್ಲ. ಕಣ್ಣು ಒರೆಸಿಕೊಂಡು ಮಗಳನ್ನು ನೋಡಿದೆ. ಹತ್ತು ವರ್ಷದ ಹುಡುಗಿ ಆ ಒಂದು ಮಾತನ್ನು ಅವರಿಗಾಗಿ ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದಳು, ನನ್ನಿಂದ ಮುಚ್ಚಿಟ್ಟು. ಅವರು ಹೋಗಿ ಏಳು ವರ್ಷವಾಗಿದೆ. ನನಗೆ ಪುನಃ ಹೊಟ್ಟೆಕಿಚ್ಚಾಯಿತು.