ಗುಣವತಿಯಕ್ಕ ಶಾಲು ಹೊದೆಯಲಿಲ್ಲ

ಲಂಡನ್ನಿನ ರೇನರ್ಸ್ ಲೇನ್ ಬಡಾವಣೆಯ ಗುಣವತಿಯಕ್ಕನಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಕುಂದಾಪುರದ ಹೆಂಗಸು. ಇಲ್ಲಿ ಜಿಪಿ ಸರ್ಜರಿ ಅನ್ನುವ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೆಲಸ. ಎಂಥ ದೊಡ್ಡ ಮನುಷ್ಯನೂ ಅವರೆದುರು ಸರದಿ ತಪ್ಪಿಸಿ ಒಳಗೆ ಹೋದದ್ದಿಲ್ಲ. ಅದಕ್ಕೇ ನಾವು ಮತ ಹಾಕಿ ಅವರನ್ನು ನಮ್ಮ ಕನ್ನಡ ಸಂಘದ ಅಧ್ಯಕ್ಷೆ ಮಾಡಿದ್ದೆವು.

೨೦೧೫ರ ಯುಗಾದಿಗೆ ಮುಂಚಿನ ಚಳಿಗಾಲದಲ್ಲಿ ಅಕ್ಕ ಲೈಬ್ರರಿಯ ಓದುಗರ ಕೂಟಕ್ಕೆ ಸೇರಿದರು. ಅಲ್ಲಿ ಓದುತ್ತಿದ್ದದ್ದು ಅಮೆರಿಕವನ್ನು ಕಟ್ಟಿದ ಮೊದಲ ಮುಖಂಡರು ಒಬ್ಬರಿಗೊಬ್ಬರು ಬರೆದ ಪತ್ರಗಳು. ನಮಗೇಕೆ ಇಲ್ಲದ ಉಸಾಬರಿ ಎಂದು ನಾನು ನಕ್ಕಿದ್ದೆ.

"ನಗಬೇಡ ಮಾರಾಯ್ತಿ," ಎಂದರು ಅಕ್ಕ. "ಪದವಿ ಬೇಡ, ಹೊಲ ಸಾಕು ಅಂತ ಬರೀತಾರೆ, ಮತ್ತೆ ಕುರ್ಚಿ ಮೇಲೇ ಕೂತ್ಕೊಳ್ತಾರೆ. ನಮ್ಮವರ ಹಾಗೇ!"

ಅವರಿಗೆ ಹಿಡಿಸಿದ್ದು ಒಂದು ಒಪ್ಪಂದದ ಕಥೆ. ಬ್ರಿಟನ್ನಿನ ಜೊತೆ ಮಾತಾಡಲು ಅಮೆರಿಕ ತನ್ನ ಮುಖ್ಯ ನ್ಯಾಯಾಧೀಶನನ್ನೇ ಕಳಿಸಿತ್ತು. ಸಹಿ ಬಿದ್ದದ್ದು ಇದೇ ಲಂಡನ್ನಿನಲ್ಲಿ. ಅಮೆರಿಕದ ಜನ ಸಿಟ್ಟಿಗೆದ್ದು ಅವನ ಪ್ರತಿಕೃತಿ ಸುಟ್ಟರು. ಸಹಿ ಬಿದ್ದಿದ್ದರೂ ಅವರ ಸೆನೆಟ್ ಮತ ಹಾಕುವವರೆಗೆ ಅದಕ್ಕೆ ಬೆಲೆ ಇರಲಿಲ್ಲ. "ಇಬ್ಬರು ಗಂಡಸರು ಕೈ ಕುಲುಕಿದ್ರೆ ಒಪ್ಪಂದ ಆಗೂದಿಲ್ಲ, ಕಂಡ್ಯಾ," ಎಂದಿದ್ದರು.

ಅಷ್ಟರಲ್ಲಿ ಇಲ್ಲಿಯೇ ಇಬ್ಬರು ಗಂಡಸರು ಕೈ ಕುಲುಕಿ ಮುಗಿಸಿದ್ದರು. ಒಬ್ಬ ನಮ್ಮ ಕಾರ್ಯದರ್ಶಿ ಶಿವಪ್ರಕಾಶ, ಇನ್ನೊಬ್ಬರು ಹತ್ತಿರದ ವೆಂಬ್ಲಿಯ ಕನ್ನಡ ಸಂಘದ ಅಧ್ಯಕ್ಷ ಗೋಪೀನಾಥ್. ತಿಂಗಳುಗಟ್ಟಲೆ ಇಮೇಲ್ ಬರೆದುಕೊಂಡು ಎರಡೂ ಸಂಘ ಒಂದಾಗಬೇಕೆಂದೂ ಗೋಪೀನಾಥ್ ಅಧ್ಯಕ್ಷರಾಗಬೇಕೆಂದೂ ತೀರ್ಮಾನಿಸಿದ್ದರು. ಅಕ್ಕನ ಅವಧಿ ಇನ್ನೂ ಒಂದು ವರ್ಷ ಇತ್ತು. ಅವರಿಗೆ ಸುಳಿವೂ ಕೊಟ್ಟಿರಲಿಲ್ಲ.

ಯುಗಾದಿಗೆ ಎರಡೂ ಸಂಘದವರು ಶಾಲೆಯೊಂದರ ಹಾಲ್‌ನಲ್ಲಿ ಸೇರಿದ್ದೆವು. ಶಿವಪ್ರಕಾಶ ಮೈಕ್ ಹಿಡಿದು ಸಂಘಗಳು ಒಂದಾದ ಸುದ್ದಿ ಹೇಳಿದ. ಅದೇ ಉಸಿರಿನಲ್ಲಿ, "ಈಗ ನಿರ್ಗಮಿಸುತ್ತಿರುವ ಅಧ್ಯಕ್ಷೆಗೆ ಸನ್ಮಾನ," ಎಂದ. ತಳ್ಳಲಾಗದವರಿಗೆ ಶಾಲು ಹೊದಿಸುವುದು ನಮ್ಮವರ ಹಳೆಯ ವಿದ್ಯೆ. ಹಾರ ಬಿದ್ದ ಕೊರಳಿನಿಂದ ಜಗಳದ ಮಾತು ಹೊರಡುವುದಿಲ್ಲ ಎಂಬ ಧೈರ್ಯ. ನನಗೆ ಮೈಯೆಲ್ಲ ಉರಿಯಿತು.

ಶಾಲು ಹೆಗಲಿಗೆ ಬೀಳುವ ಮುನ್ನ ಅಕ್ಕ ಅದನ್ನು ತಡೆದರು. ದನಿ ಇಳಿದಿತ್ತು.

"ಎಲ್ಲಿಗೆ ನಿರ್ಗಮನ ಶಿವಪ್ರಕಾಶ? ನಾನಿನ್ನೂ ಇಲ್ಲೇ ಇದ್ದೆ ಅಲ್ದಾ?"

"ಮೇಡಂ, ಅದೆಲ್ಲಾ ಆಗ್ಲೇ ಮಾತಾಡಿ ಆಗಿದೆ," ಎಂದರು ಗೋಪೀನಾಥ್. "ಹಬ್ಬದ ದಿನ ಯಾಕೆ ಸುಮ್ನೆ..."

"ನೀವು ಮಾತಾಡಿದ್ದೀರಿ. ಇವರನ್ನ ಕೇಳಿದ್ದೀರಾ?" ಅಕ್ಕ ಸಭೆಯ ಕಡೆ ತಿರುಗಿದರು. "ಇಲ್ಲಿ ಎರಡು ಪ್ರಶ್ನೆ ಉಂಟು. ಎರಡನ್ನೂ ಒಂದೇ ಶಾಲಿನಲ್ಲಿ ಸುತ್ತಬೇಡಿ. ಸಂಘ ಒಂದಾಗಬೇಕು ಅನ್ನುವವರು ಕೈ ಎತ್ತಿ."

ಮೊದಲು ಎದ್ದದ್ದು ಅಕ್ಕನದೇ ಕೈ. ಹಾಲ್‌ನ ಮುಕ್ಕಾಲು ಪಾಲು ಕೈಗಳು ಹಿಂದೆಯೇ ಎದ್ದವು.

"ಆಯ್ತು, ಒಂದಾದೆವು. ಇನ್ನು ಕುರ್ಚಿ. ಮತ ಇಲ್ಲದೆ ಗೋಪೀನಾಥ್ ಅವರಿಗೆ ಕೊಡಬೇಕು ಅನ್ನುವವರು?"

ಎದ್ದದ್ದು ಶಿವಪ್ರಕಾಶನ ಕೈ ಒಂದೇ. ಗೋಪೀನಾಥ್ ತಮ್ಮವರ ಸಾಲುಗಳ ಕಡೆ ನೋಡಿದರು. ಅಲ್ಲಿ ಕೂತಿದ್ದ ವೇದಾ ಎಂಬ ಹಿರಿಯರು ಎದ್ದು ನಿಂತರು.

"ನಮ್ಮನ್ನೂ ಯಾರೂ ಕೇಳ್ಲಿಲ್ಲ ಕಣ್ರೀ. ಎಲ್ಲಾ ಇವತ್ತೇ ಗೊತ್ತಾಗಿದ್ದು."

ಗೋಪೀನಾಥರ ಮುಖ ಕೆಂಪಾಯಿತು. "ಸರಿ, ಚುನಾವಣೆ ಆಗ್ಲಿ," ಎಂದರು.

"ಈಗಲೇ ಆಗಲಿ," ಎಂದರು ಅಕ್ಕ. "ನಾನೂ ನಿಲ್ತೆ. ಸೋತರೆ ನಾಳೆಯೇ ಸಂಘದ ಬೀಗದ ಕೈ ಕೊಡ್ತೆ. ಆದ್ರೆ ಸೋಲಿಸಿ ಕಳಿಸಿ, ಹಾರ ಹಾಕಿ ಕಳಿಸಬೇಡಿ."

ಹೋಳಿಗೆ ತಣ್ಣಗಾಗುವವರೆಗೆ ಚೀಟಿ ಹಾಕಿದೆವು. ನಮ್ಮವರಲ್ಲೇ ಹಲವರು ಗೋಪೀನಾಥರಿಗೆ ಹಾಕಿದರೆಂದು ಆಮೇಲೆ ಗೊತ್ತಾಯಿತು, ಆ ನೋವು ನನಗೆ ಇವತ್ತಿಗೂ ಇದೆ. ಆದರೂ ಅಕ್ಕ ಗೆದ್ದರು. ಗೆಲ್ಲಿಸಿದ್ದು ವೆಂಬ್ಲಿಯವರು.